ವಿಷಲ್ ಊದುವ ಮುನ್ನ

ಗುಂಡ್ಲುಪೇಟೆ ಆಸ್ಪತ್ರೆಯ ಹಿಂಬದಿಯ ಕೋಣೆಗೆ ಬುಧವಾರ ಬರುವ ಹೆಂಗಸರು ಬಾಗಿಲಲ್ಲೇ ನಿಂತು ಹೇಳುವ ಮೊದಲ ಮಾತು ಒಂದೇ: "ಮಂಡಿ ನೋವು ಮೇಡಂ."

ಗಂಗಾಂಬಿಕೆ ಆ ಮಾತನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮಂಡಿ ಎಂದವರನ್ನು ಕೂರಿಸಿ, ಬಾಗಿಲು ಹಾಕಿ, ಯಾವೂರು, ಮಕ್ಕಳೆಷ್ಟು, ಈ ಸಲ ಚೆಂಡು ಹೂವು ಹೇಗೆ ಬಂತು ಎಂದು ಅದೂ ಇದೂ ಮಾತಿಗೆಳೆಯುತ್ತಿದ್ದಳು. ಮಾತಿನ ನಡುವೆಯೇ, ಎಲೆ ಮೇಲೆ ಉಪ್ಪು ಬಡಿಸಿದಷ್ಟು ಹಗುರವಾಗಿ, "ಕೆಮ್ಮಿದರೆ ಸೀರೆ ಒದ್ದೆಯಾಗುತ್ತೇನಮ್ಮ?" ಎನ್ನುತ್ತಿದ್ದಳು. ಅಲ್ಲಿಗೆ ಮಂಡಿ ಮರೆತೇ ಹೋಗುತ್ತಿತ್ತು. ಕೆಲವರು ಅಳುತ್ತಿದ್ದರು. ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅವಳು ಚಾಮರಾಜನಗರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ವಾರಕ್ಕೊಂದು ದಿನ ಗುಂಡ್ಲುಪೇಟೆಗೆ ಬರುತ್ತಿದ್ದಳು. ಮುರಿದ ಕೈಕಾಲು, ಹಿಡಿದ ಸೊಂಟ ನೋಡುವವರು ಬೇರೆ ಇದ್ದರು. ಇವಳದು ಹೆರಿಗೆಯಾದ ಮೇಲೆ, ವಯಸ್ಸಾದ ಮೇಲೆ, ಹೊಟ್ಟೆಯ ತಳದ ಸ್ನಾಯು ಸಡಿಲಾಗಿ ಮೂತ್ರ ನಿಲ್ಲದವರ, ಗರ್ಭ ಕೆಳಗೆ ಜಾರಿದವರ ಕೆಲಸ. ಓದುವಾಗ ಇದಕ್ಕೆ ಉದ್ದನೆಯ ಹೆಸರಿತ್ತು. ಆದರೆ ಆಸ್ಪತ್ರೆಯ ಆಯಾ ಶಿವಮ್ಮ ಆ ಹೆಸರಿನ ಗೋಜಿಗೆ ಹೋಗದೆ, ಇಡೀ ಸಾಲಿಗೆ ಕೇಳುವಂತೆ, "ಆ ಜಾಗದ ಡಾಕ್ಟ್ರಾ? ಎಡಗಡೆ ರೂಮು ಓಗಿ" ಎಂದು ಕೈ ತೋರಿಸುತ್ತಿದ್ದಳು. ಹಾಗಾಗಿಯೇ ಎಲ್ಲರಿಗೂ ಮಂಡಿ.

ದೀಪಾವಳಿ ಕಳೆದ ಮೇಲೆ ಬಂದ ಲಕ್ಷ್ಮಿದೇವಿ ಮಾತ್ರ ಮಂಡಿ ಎನ್ನಲಿಲ್ಲ. ಗಟ್ಟಿಮುಟ್ಟಾದ ಹೆಣ್ಣು. ಒಳಗೆ ಬಂದವಳೇ, ಪಂಚರ್ ಅಂಗಡಿಯಲ್ಲಿ ಸೈಕಲ್ ಬಿಡುವವರ ಧಾಟಿಯಲ್ಲಿ ಹೇಳಿದಳು:

"ಮೇಡಂ, ನಾನು ಬಸ್ ಕಂಡಕ್ಟರ್. ಡ್ಯೂಟೀಲಿ ಉಚ್ಚೆ ನಿಲ್ತಿಲ್ಲ. ಶಿವರಾತ್ರಿ ಒಳಗೆ ರೆಡಿ ಮಾಡ್ಕೊಡಿ."

ಗಂಗಾಂಬಿಕೆಗೆ ನಗು ಬಂತು. "ಕೂತ್ಕೋ ತಾಯಿ. ಶಿವರಾತ್ರೀಲಿ ಏನಿದೆ?"

"ರಜಾ ಮುಗೀತದೆ. ಅದೂ ಅಲ್ದೆ ಮಾದಪ್ಪನ ಬೆಟ್ಟಕ್ಕೆ ಸ್ಪೆಷಲ್ ಬಸ್ ಬುಡ್ತಾರೆ, ಡಿಪೋಲಿ ಒಬ್ರೂ ಮನೇಲಿ ಕೂರಂಗಿಲ್ಲ. ಅಷ್ಟ್ರಲ್ಲಿ ಓಗ್ದೆ ಇದ್ರೆ ಕೆಲ್ಸ ಬುಟ್ಟುಬುಡು ಅಂತ ನಮ್ಮತ್ತೆ ಕೂತವ್ರೆ."

ಅವಳ ಮನೆ ತೆರಕಣಾಂಬಿ. ಗಂಡ ಸೋಮೇಶ್ ಗೂಡ್ಸ್ ಆಟೋದಲ್ಲಿ ತರಕಾರಿ ಸಾಗಿಸುತ್ತಾನೆ. ಮೊದಲ ಮಗು, ದೊಡ್ಡ ತಲೆಯ ಗಂಡು, ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದವು. ಬಾಣಂತನ ಮುಗಿಸಿ ಡ್ಯೂಟಿಗೆ ಹೋದ ವಾರದಲ್ಲೇ, ಸಂತೆಯ ದಿನ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ವಿಷಲ್ ಊದಿದಳು. ಅದೇ ಹೊತ್ತಿಗೆ ಚಕ್ರ ಹಂಪ್ ಹತ್ತಿತು. ಖಾಕಿ ಪ್ಯಾಂಟು ತೊಡೆಯವರೆಗೂ ತೊಯ್ದುಹೋಯಿತು.

"ಟಿಕೆಟ್ ಮಿಷನ್ ಇಂಗೆ ಅಡ್ಡ ಇಟ್ಕೊಂಡು ಮುಂದಿನ ಸ್ಟಾಪಲ್ಲಿ ಇಳ್ದುಬುಟ್ಟೆ. ಹುಷಾರಿಲ್ಲ ಅಂತ ಡ್ರೈವರ್‌ಗೆ ಸುಳ್ಳು ಹೇಳ್ದೆ. ಅವತ್ತಿಂದ ಮತ್ತೆ ರಜಾ ಹಾಕಿವ್ನಿ." ಅಷ್ಟು ಹೊತ್ತು ನೇರ ನೋಡುತ್ತಿದ್ದವಳು ಆಗ ಮೊದಲ ಸಲ ತಲೆ ತಗ್ಗಿಸಿದಳು. "ಆಫೀಸ್ ಕೆಲ್ಸ ಕೇಳು ಅಂತಾರೆ. ನಂಗೆ ಬೇಡ. ನಮ್ಮಪ್ಪನ ಜೊತೆ ಚಿಕ್ಕೋಳಿದ್ದಾಗ ಬಸ್ ಹತ್ತಿದ್ರೆ ಕಂಡಕ್ಟರ್ ಪಕ್ಕಾನೇ ನಿಂತ್ಕತಿದ್ದೆ. ನಂಗೆ ಬಸ್ಸೇ ಬೇಕು."

ಗಂಗಾಂಬಿಕೆ ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ಹೇಳಿ, ಒಪ್ಪಿಗೆ ಕೇಳಿ, ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದಳು. ಗರ್ಭ ಜಾರಿರಲಿಲ್ಲ. ಸ್ನಾಯುವಿಗೆ ಹಿಡಿತ ಇತ್ತು, ಆದರೆ ಎಳೆಗರುವಿನ ಕಾಲಿನಂತೆ ನಿಲ್ಲುವ ಮುಂಚೆಯೇ ಕುಸಿಯುತ್ತಿತ್ತು.

"ಮದುವೆ ಮನೇಲಿ ಪಂಕ್ತೀಲಿ ಕೂತಿದ್ದೀಯ. ಪಕ್ಕದಲ್ಲಿ ಬೀಗರು. ಹೊಟ್ಟೇಲಿ ಗಾಳಿ. ಏನು ಮಾಡ್ತೀಯ?"

"ತಡ್ಕತೀನಿ!"

"ಹಾಗೆ ಎಳ್ಕೋ. ಹಿಂದಿನಿಂದ ಮುಂದಕ್ಕೆ, ಒಳಗಿನಿಂದ ಮೇಲಕ್ಕೆ. ಹೊಟ್ಟೆ ಬಿಗೀಬೇಡ, ಉಸಿರು ಕಟ್ಟಬೇಡ. ಹಾಂ, ಇದೇ. ಈಗ ಬಿಡು. ಎಳೆಯೋದು ಎಷ್ಟು ಮುಖ್ಯವೋ ಬಿಡೋದೂ ಅಷ್ಟೇ."

ನೀರಿನ ಮಾತು ಬಂದಾಗ ಜಗಳವೇ ಆಯಿತು. ಲಕ್ಷ್ಮಿದೇವಿ ಡ್ಯೂಟಿ ದಿನ ಬೆಳಗಿನಿಂದ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಒಣಗಿದಷ್ಟೂ ಮೂತ್ರ ಉರಿಯುತ್ತೆ, ಉರಿದಷ್ಟೂ ಮೂತ್ರಚೀಲ ಹಟ ಮಾಡುತ್ತೆ ಎಂದರೆ ಅವಳು ಕೈ ಮುಗಿದಳು. "ಮೇಡಂ, ನೀವು ಒಂದಿನ ಲೇಡಿ ಕಂಡಕ್ಟರ್ ಆಗಿ ನೋಡಿ. ಆಮೇಲೆ ನೀರು ಕುಡಿ ಅನ್ನಿ."

"ಮೊದಲು ನೀನು ಎಳೆಯೋದು ಕಲಿ. ಆಮೇಲೆ ನೀನೇ ಕುಡೀತೀಯ."

ಹೀಗೆ ಶುರುವಾಯಿತು. ಮಲಗಿ ಎಳೆಯುವುದು, ಕೂತು ಎಳೆಯುವುದು, ನಿಂತು ಎಳೆಯುವುದು. ಒಂದು ಬುಧವಾರ ಗಂಗಾಂಬಿಕೆ, "ನಿನ್ನ ವಿಷಲ್ ತಗೊಂಡು ಬಾ" ಎಂದಳು. ಊದುವಾಗ ಉಸಿರಿನ ಒತ್ತಡವೆಲ್ಲ ಕೆಳಕ್ಕೇ ಬೀಳುತ್ತೆ, ಸಂತೆಯ ದಿನ ಆದದ್ದೂ ಅದೇ. ಆದ್ದರಿಂದ ಮೊದಲು ಎಳೆದುಕೋ, ಆಮೇಲೆ ಊದು ಎಂಬುದು ಪಾಠ. ಮುಚ್ಚಿದ ಕೋಣೆಯಲ್ಲಿ ಲಕ್ಷ್ಮಿದೇವಿ ಎದೆ ತುಂಬ ಉಸಿರೆಳೆದು ಊದಿದ್ದಕ್ಕೆ ಶಿವಮ್ಮ ಬಕೆಟ್ ಎತ್ತಿಕೊಂಡೇ ಓಡಿಬಂದಳು.

"ಯಾವ್ ಬಸ್ ಬಂತವ್ವಾ ಒಳಕ್ಕೆ?"

"ಗುಂಡ್ಲುಪೇಟೆ ಟು ಮೈಸೂರು, ನಾನ್‌ಸ್ಟಾಪ್. ಹತ್ತಕ್ಕೋ" ಎಂದಳು ಲಕ್ಷ್ಮಿದೇವಿ.

ಪುಷ್ಯ ಮಾಸದ ಹೊತ್ತಿಗೆ ಅವಳ ಹಿಡಿತ ಗಂಗಾಂಬಿಕೆಯ ಬೆರಳಿಗೇ ಸ್ಪಷ್ಟವಾಗಿ ಸಿಗತೊಡಗಿತು. ಕೋಣೆಯಲ್ಲಿ ಕೆಮ್ಮಿದರೂ ಹನಿಯಿಲ್ಲ, ಕುಪ್ಪಳಿಸಿದರೂ ಹನಿಯಿಲ್ಲ. ಇನ್ನೇನು ಎಂದುಕೊಂಡು, "ಒಮ್ಮೆ ಪ್ಯಾಸೆಂಜರ್ ಥರ ಬಸ್ಸಲ್ಲಿ ನಿಂತು ನೋಡು" ಎಂದು ಕಳಿಸಿದಳು.

ಮುಂದಿನ ವಾರ ಲಕ್ಷ್ಮಿದೇವಿ ಬಂದವಳು ಕೂರಲಿಲ್ಲ. "ತೊಯ್ದೋಯ್ತು" ಎಂದಳು. ಇನ್ನೊಂದು ವಾರ ನೋಡಿದರು. ಮತ್ತೆ ಅದೇ. ಲಕ್ಷ್ಮಿದೇವಿ ಬಾಗಿಲ ಕಡೆ ನೋಡಿಕೊಂಡು, "ಕೆಲ್ಸ ಬುಡ್ತೀನಿ ಅಂತ ಸೂಪರ್‌ವೈಸರ್‌ಗೆ ಬರ್ದು ಕೊಟ್ಬುಡ್ಲಾ ಮೇಡಂ? ಅತ್ತೆ ದಿನಾ ಕೇಳ್ತಾವ್ರೆ" ಎಂದಳು.

"ಇನ್ನೂ ಶಿವರಾತ್ರಿ ಬಂದಿಲ್ಲ" ಎಂದಳು ಗಂಗಾಂಬಿಕೆ.

ಹಾಗೆಂದಳೇ ಹೊರತು ಅವಳಿಗೂ ತಲೆ ಕೆಟ್ಟಿತ್ತು. ಆ ರಾತ್ರಿ ಮಗಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತ, ಕುಕ್ಕರ್ ತೊಳೆಯುತ್ತ ಅದೇ ಯೋಚನೆ. ಕೋಣೆಯಲ್ಲಿ ನಿಂತದ್ದು ಬಸ್ಸಿನಲ್ಲಿ ಯಾಕೆ ನಿಲ್ಲುವುದಿಲ್ಲ? ಮೈ ಅದೇ, ಸ್ನಾಯು ಅದೇ, ಹುಡುಗಿಯ ಹಟವೂ ಅದೇ. ಹಾಗಾದರೆ ಬದಲಾಗಿರುವುದು ಇನ್ನೇನೋ ಇರಬೇಕು. ಕೋಣೆಯಲ್ಲಿ ಕೂತು ಎಷ್ಟು ಯೋಚಿಸಿದರೂ ಅದು ಸಿಗುವುದಿಲ್ಲ. ಬಸ್ಸಿನಲ್ಲೇ ನೋಡಬೇಕು.

ಬುಧವಾರ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ, ತನ್ನ ಡಬ್ಬಿ ಮರೆತು, ಗಂಗಾಂಬಿಕೆ ಎಂದಿನ ಬಸ್ಸು ಹಿಡಿದಳು. ತೆರಕಣಾಂಬಿಯಲ್ಲಿ ಲಕ್ಷ್ಮಿದೇವಿ ಹತ್ತಿದಳು. ಮೊದಲೇ ಫೋನಿನಲ್ಲಿ ಮಾತಾಗಿತ್ತು. ಸ್ಟೀರಿಂಗ್ ಹಿಡಿದಿದ್ದ ರಂಗರಾಜು ಕನ್ನಡಿಯಲ್ಲೇ ಗುರುತು ಹಿಡಿದ.

"ಏನಮ್ಮಿ ಲಕ್ಷ್ಮಿ, ಡ್ಯೂಟಿನಾ, ಟೂರಾ?"

"ಟೂರ್ ಕಣಣ್ಣ. ನೀನು ನೆಟ್ಟಗೆ ಓಡ್ಸು ಸಾಕು."

ಸೀಟು ಖಾಲಿಯಿದ್ದರೂ ಇಬ್ಬರೂ ನಡುವೆ ನಿಂತರು. ಗಂಗಾಂಬಿಕೆ ಹಿಂದೆ ನಿಂತು, "ಹಂಪ್ ಬರ್ತಿದೆ, ಎಳ್ಕೋ" ಎಂದು ಅವಳ ಸೊಂಟಕ್ಕೆ ಅಂಗೈ ಇಟ್ಟಳು.

ಕೈಗೆ ಮೈ ಸಿಗಲೇ ಇಲ್ಲ. ಚೂಡಿದಾರದ ಕೆಳಗೆ ಹಲಗೆಯಂಥದ್ದೇನೋ. ಬಸ್ಸು ಎತ್ತಿಹಾಕಿತು. ಲಕ್ಷ್ಮಿದೇವಿ ತುಟಿ ಕಚ್ಚಿಕೊಂಡಳು. ಏನಾಯಿತೆಂದು ಕೇಳಬೇಕಾಗಿರಲಿಲ್ಲ.

"ಇದೇನೆ ಸೊಂಟದಲ್ಲಿ?"

"ನಡುಕಟ್ಟು ಮೇಡಂ."

"ಇನ್ನೂ? ಮಗು ತೆವಳ್ತಿದೆ ಅಂದೆ!"

"ಅತ್ತೆ ಬಿಚ್ಚಕ್ಕೆ ಬುಟ್ಟಿಲ್ಲ."

"ಆಸ್ಪತ್ರೆಗೆ ಬಂದಾಗ ಒಂದಿನಾನೂ ಇರಲಿಲ್ಲವಲ್ಲ?"

"ಡಾಕ್ಟ್ರ ಮುಂದೆ ಹಳೇ ಸೀರೆ ಸುತ್ಕೊಂಡು ಮಲಿಕ್ಕಳದಾ? ಅತ್ತೆನೇ ಹೇಳವ್ರೆ, ಬಸ್‌ಸ್ಟ್ಯಾಂಡಲ್ಲಿ ಬಿಚ್ಚಿ ಬ್ಯಾಗಿಗೆ ಹಾಕ್ಕೋ, ಬರೋವಾಗ ಕಟ್ಕೊ ಅಂತ." ತಾನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದೇನೆ ಎಂಬುದಕ್ಕೆ ಸಾಕ್ಷಿ ಕೊಡುವವಳಂತೆ ಸೇರಿಸಿದಳು: "ನೀವು ಹೇಳ್ಕೊಟ್ಟಿದ್ದು ಮಾಡೋವಾಗ ಇನ್ನೂ ಬಿಗಿಯಾಗಿ ಕಟ್ತಾರೆ ಮೇಡಂ. ಚೆನ್ನಾಗಿ ಹಿಡೀಲಿ ಅಂತ."

ಗಂಗಾಂಬಿಕೆ ಕಂಬಿ ಹಿಡಿದುಕೊಂಡಳು. ಕುದೇರಿನ ತವರುಮನೆ ಕಣ್ಣಿಗೆ ಬಂತು. ಮಗಳು ಹುಟ್ಟಿದಾಗ ಅವಳಮ್ಮ ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಗೋಡೆಗೆ ಕಾಲು ಕೊಟ್ಟು ಎಳೆದು ಎಳೆದು ಇವಳ ಹೊಟ್ಟೆಗೂ ಹಳೇ ಸೀರೆ ಬಿಗಿದಿದ್ದಳು. ಈ ಸೀಮೆಯಲ್ಲಿ ನಡು ಕಟ್ಟದ ಬಾಣಂತಿಯೇ ಇಲ್ಲ. ಕೆಲವು ವಾರ, ಹೆಚ್ಚೆಂದರೆ ತಿಂಗಳು ಮೂರು, ಆಮೇಲೆ ಬಿಚ್ಚುತ್ತಾರೆ. ಇದನ್ನು ಕೇಳಲೇಬೇಕಿತ್ತು. ಊಟ, ನೀರು, ಕೆಮ್ಮು, ಮಲಬದ್ಧತೆ ಎಲ್ಲ ಕೇಳಿದವಳು, ತಾನೇ ಸುತ್ತಿಕೊಂಡಿದ್ದ ಬಟ್ಟೆಯ ಬಗ್ಗೆ ಕೇಳಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಇಳಿದ ಕೂಡಲೇ ಬಿಚ್ಚಿಸಬಹುದಿತ್ತು. ಆದರೆ ಸಂಜೆ ಮನೆಗೆ ಹೋದರೆ ಮತ್ತೆ ಕಟ್ಟುತ್ತಾರೆ. ಕಟ್ಟಿದ ಕೈಯೇ ಬಿಚ್ಚಬೇಕು, ಇಲ್ಲದಿದ್ದರೆ ಶಿವರಾತ್ರಿ ಬಂದರೂ ಅಷ್ಟೇ, ಯುಗಾದಿ ಬಂದರೂ ಅಷ್ಟೇ. ಸಂಜೆ ಮಗಳ ಟ್ಯೂಷನ್ ಮನೆಗೆ ತಡವಾಗುತ್ತದೆಂದು ಫೋನ್ ಮಾಡಿ, ಅವಳು ಲಕ್ಷ್ಮಿದೇವಿಯ ಜೊತೆ ತೆರಕಣಾಂಬಿಯಲ್ಲಿ ಇಳಿದಳು.

ಲಕ್ಷ್ಮಿದೇವಿಯ ಅತ್ತೆ ದೊಡ್ಡಮಲ್ಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗ ಸಿಪ್ಪೆ ತಿನ್ನಲು ನೋಡುತ್ತಿದ್ದ. ಬಂದವರಾರೆಂದು ಸೊಸೆ ಹೇಳುತ್ತಲೇ ಮುದುಕಿ ಚಾಪೆ ಹಾಸಿದಳು, ನೀರು ತರಿಸಿದಳು. ನಡುಕಟ್ಟಿನ ಮಾತು ಬಂದದ್ದೇ ಕಾಳು ಹಿತುಕುವ ಕೈ ಜೋರಾಯಿತು.

"ನೀ ಎಷ್ಟು ಹೆತ್ತಿದ್ದೀಯವ್ವ?"

"ಒಂದಮ್ಮ."

"ನಾನು ಐದು. ಊರೋರ್ದು ಎಷ್ಟು ಹಿಡ್ದಿದ್ದೀನೋ ಲೆಕ್ಕ ಇಲ್ಲ. ನೀ ಓದ್ಕೊಂಡೋಳು, ಮಂಚದ್ ಮೇಲೆ ಮಲಗ್ಸಿ ಅದೇನೋ ಎಳ್ಕೋ ಬುಡು ಅಂತೀಯ, ಬೇಡ ಅಂದ್ನಾ ನಾನು? ಅದು ನಿಂದು. ಕಟ್ಟೋದು ನಂದು. ಎರಡೂ ಆಗ್ಲಿ ಬುಡು."

"ಎರಡೂ ಆಗಲ್ಲಮ್ಮ. ನಾನು ಮೇಲಕ್ಕೆ ಎಳೀತೀನಿ, ನಿಮ್ಮ ಕಟ್ಟು ಕೆಳಕ್ಕೆ ತಳ್ಳುತ್ತೆ."

"ಕಟ್ಟಿದ್ದು ಹಿಡ್ಕತದೋ, ತಳ್ತದೋ? ಏನ್ ಮಾತಾಡಿಯವ್ವ ನೀನು! ಮೂಟೆ ಕಟ್ಟಿದ್ರೆ ತಾನೇ ನಿಲ್ಲೋದು?"

ಗಂಗಾಂಬಿಕೆ ಸುತ್ತ ನೋಡಿದಳು. ಒಳಬಾಗಿಲ ಹತ್ತಿರ, ಆಗತಾನೇ ಮಿಲ್ಲಿನಿಂದ ಬಂದ ರಾಗಿ ಹಿಟ್ಟಿನ ಬಟ್ಟೆ ಚೀಲ, ಬಾಯಿ ಬಿಗಿದು ಇಟ್ಟಿತ್ತು. ಹಳೇ ಚೀಲ. ತಳದ ಹೊಲಿಗೆ ಅಲ್ಲಲ್ಲಿ ಸವೆದಿತ್ತು.

"ಸರಿ, ನೀವೇ ಕಟ್ಟಿ ನೋಡಿ" ಎಂದು ಲಕ್ಷ್ಮಿದೇವಿಯಿಂದ ನಡುಕಟ್ಟಿನ ಸೀರೆ ಬಿಚ್ಚಿಸಿ ತಂದು, ಚೀಲವನ್ನು ಎತ್ತಿ ಹಿಡಿದಳು. "ಸೊಸೆಗೆ ಹೇಗೆ ಬಿಗೀತೀರೋ ಹಾಗೇ. ಬಾಯಿ ಮೇಲೆ ಕಟ್ಟಿದೆ, ನೀವು ನಡುವಿಗೆ ಕಟ್ಟಿ."

ದೊಡ್ಡಮಲ್ಲಮ್ಮನಿಗೆ ಪಂಥ ಬಂತು. ಸೆರಗು ಸಿಕ್ಕಿಸಿಕೊಂಡು ಎದ್ದಳು. ಒಂದು ಸುತ್ತು, ಎರಡು ಸುತ್ತು, ಹೊಸಿಲಿಗೆ ಕಾಲು ಕೊಟ್ಟು ಎಳೆದಳು. ಚೀಲದ ಹೊಟ್ಟೆ ಒಳಕ್ಕೆ ಹೋಯಿತು, ತಳ ಉಬ್ಬಿತು. "ಇನ್ನೂ ಬಿಗೀರಿ" ಎಂದಳು ಗಂಗಾಂಬಿಕೆ. ಮುದುಕಿ ಹಲ್ಲು ಕಚ್ಚಿ ಇನ್ನೊಂದು ಜಗ್ಗು ಜಗ್ಗಿದಳು. ತಳದ ಹೊಲಿಗೆ ಬಿಚ್ಚಿಕೊಂಡು ಹಿಟ್ಟು ಭುಸ್ಸೆಂದು ಜಗಲಿಗೆಲ್ಲ ಸುರಿಯಿತು.

"ಅಯ್ಯೋ ನನ್ ಇಟ್ಟು!"

ಮೊಮ್ಮಗನಿಗೆ ಪರಮಾನಂದವಾಯಿತು. ಎರಡೂ ಕೈ ಹಿಟ್ಟಿನಲ್ಲಿಟ್ಟು ತಟ್ಟತೊಡಗಿದ. ಲಕ್ಷ್ಮಿದೇವಿ ನಗು ತಡೆಯಲಾರದೆ ಕಂಬದ ಮರೆಗೆ ಹೋದಳು. ದೊಡ್ಡಮಲ್ಲಮ್ಮ ಮಾತ್ರ ನಗಲಿಲ್ಲ. ಸೀರೆಯ ತುದಿ ಕೈಯಲ್ಲೇ ಇತ್ತು, ಕಣ್ಣು ಹರಿದ ತಳದ ಮೇಲಿತ್ತು.

"ಮೇಲೆ ಹೋಗೋಕೆ ಜಾಗ ಇಲ್ಲ. ನಡು ಬಿಗಿದ್ರೆ ಕೆಳಕ್ಕೇ ಬರಬೇಕು" ಎಂದಳು ಗಂಗಾಂಬಿಕೆ. "ಹೆರಿಗೇಲಿ ತಳದ ಹೊಲಿಗೆ ಸಡಿಲ ಆಗಿದೆ. ನಾವು ಅದನ್ನೇ ಗಟ್ಟಿ ಮಾಡಬೇಕಮ್ಮ, ನಡೂನ ಅಲ್ಲ."

ಮುದುಕಿ ನಿಧಾನವಾಗಿ ಕೂತಳು. ದನಿ ಇಳಿಯಿತು.

"ಅಂಗಾರೆ ನಂದು?"

ಗಂಗಾಂಬಿಕೆ ಹತ್ತಿರ ಕೂತಳು. ಇಂಥ ಮಾತು ಬರುವಾಗ ನಡುವೆ ಬಾಯಿ ಹಾಕಬಾರದೆಂದು ಕೆಲಸ ಕಲಿಸಿತ್ತು.

"ನಂಗೆ ಯಾರೂ ಕಟ್ನಿಲ್ಲ ಕಣವ್ವ. ಅವ್ವ ಇರ್ನಿಲ್ಲ, ಅತ್ತೆಗೆ ಕಣ್ ಕಾಣ್ತಿರ್ನಿಲ್ಲ. ಹಸಿ ಮೈಲೇ ಅರಿಸಿನ ಕೀಳಕ್ಕೆ ಓದೆ, ಮೂಟೆ ಹೊತ್ತೆ. ಮೂರನೇದು ಆದ್ಮೇಲೆ ಅದು ಕೆಳಕ್ಕೆ ಬಂತು. ಕೈಲಿ ಒಳಕ್ಕೆ ಸೇರ್ಸ್ಕೊಂಡು ಕೆಲ್ಸಕ್ಕೆ ಓಯ್ತಿದ್ದೆ. ಈಗ್ಲೂ ಅಷ್ಟೆ. ಗಂಡ ಇದ್ದಾಗ್ಲೂ ಹೇಳ್ನಿಲ್ಲ." ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡಳು. "ಕಟ್ಟೋರು ಇದ್ದಿದ್ರೆ ನಿಲ್ತಿತ್ತು ಅನ್ಕೊಂಡಿದ್ದೆ. ಅದ್ಕೇ ಇವಳ್ಗೆ ನಾನೇ ನಿಂತು ಬಿಗ್ದೆ. ಬಸ್ ಕೆಲ್ಸ ಬುಡು ಅಂದಿದ್ದೂ ಅದ್ಕೇ ಕಣವ್ವ. ಅವಳ ಮೇಲೆ ಹಗೆನಾ ನಂಗೆ?"

ಕಂಬದ ಮರೆಯ ನಗು ಯಾವಾಗಲೋ ನಿಂತಿತ್ತು. ಲಕ್ಷ್ಮಿದೇವಿ ಬಂದು ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊರದಿಂದ ಹಿಟ್ಟು ಬಳಿಯತೊಡಗಿದಳು.

"ಕಟ್ಟದೇ ಇದ್ದದ್ದಕ್ಕೆ ಜಾರಿದ್ದಲ್ಲಮ್ಮ" ಎಂದಳು ಗಂಗಾಂಬಿಕೆ. "ಹಸಿ ಮೈಲಿ ಹೊತ್ತದ್ದಕ್ಕೆ. ಅದಕ್ಕೂ ಮಾಡೋದಿದೆ. ಬುಧವಾರ ಬನ್ನಿ."

"ನಂದೇನು ಬುಡು, ಮುಗ್ದೋದ ಸಂತೆ. ಇವಳ್ದು ನೋಡು." ಅಷ್ಟರಲ್ಲೇ ಮುದುಕಿಯ ಹಳೇ ದನಿ ವಾಪಸು ಬಂತು. "ಬಿಚ್ಚಿದೀನಿ. ಶಿವರಾತ್ರಿ ಗಂಟ ನೋಡ್ತೀನಿ. ಇವಳ್ಗೇನಾರ ಆದ್ರೆ ನಿನ್ ಆಸ್ಪತ್ರೆ ಬಾಗ್ಲಲ್ಲೇ ಬಂದು ಕೂತ್ಕತೀನಿ."

"ಕೂತ್ಕೊಳ್ಳಿ. ಎಡಗಡೆ ರೂಮು."

ನಡುಕಟ್ಟಿನ ಸೀರೆ ಮಗುವಿನ ಜೋಲಿಯಾಯಿತು. ಉಳಿದದ್ದು ಬರೀ ಕೆಲಸ. ಮೂಟೆ ಎತ್ತುವ ಮುಂಚೆ ಎಳೆದುಕೋ, ಸೀನುವ ಮುಂಚೆ ಎಳೆದುಕೋ, ಮೆಟ್ಟಿಲಿಗೆ ಎಳೆದುಕೋ, ವಿಷಲ್‌ಗೆ ಎಳೆದುಕೋ. ಲಕ್ಷ್ಮಿದೇವಿ ಹೆಗಲಿಗೆ ಕಲ್ಲು ತುಂಬಿದ ಬ್ಯಾಗು ಹಾಕಿಕೊಂಡು ಸೋಮೇಶನ ಗೂಡ್ಸ್ ಆಟೋದ ಹಿಂದೆ ನಿಂತು ಊರ ಹಂಪುಗಳನ್ನೆಲ್ಲ ಹತ್ತಿಳಿದಳು. "ಟೊಮೇಟೋ ಬದ್ಲು ಹೆಂಡ್ತಿ ಲೋಡ್ ಮಾಡವ್ನೆ ನೋಡ್ಲಾ" ಎಂದು ಟೀ ಅಂಗಡಿಯವರು ಕಿಚಾಯಿಸಿದರೆ ಅವನು ಹಾರ್ನ್ ಹೊಡೆದು ಮುಂದೆ ಹೋದ. ಮಾಘದ ನಡುವೆ ಶೀತ ಕೆಮ್ಮು ಹತ್ತಿ ಎರಡು ಸಲ ತೊಯ್ದಿತು. ಫೋನಿನಲ್ಲಿ ಅಳು. ಗಂಗಾಂಬಿಕೆ ಒಂದು ಕೈಯಲ್ಲಿ ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತ, "ಕೆಮ್ಮು ನಿಲ್ಲಲಿ, ಸ್ನಾಯು ಎಲ್ಲೂ ಓಡಿಹೋಗಿಲ್ಲ. ನಾಳೆ ಮತ್ತೆ ಮಾಡು" ಎಂದಳು. ಫೋನ್ ಇಟ್ಟ ಮೇಲೆ ಅವಳಿಗೇ ಸೀನು ಬಂತು. ಸೀನುವ ಮುಂಚೆ ಎಳೆದುಕೊಂಡಳು. ರೋಗಿಗಳಿಗೆ ಹೇಳಿದ್ದನ್ನು ತಾನೂ ಒಮ್ಮೆ ಮಾಡಿದ ಹಾಗಾಯಿತು ಎಂದುಕೊಂಡಳು.

ಶಿವರಾತ್ರಿಯ ವಾರ. ಬುಧವಾರ ಚಾಮರಾಜನಗರದಲ್ಲಿ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಬೆಟ್ಟದಿಂದ ಇಳಿದು ಬಂದವರ ಗಂಟುಮೂಟೆ, ವಿಭೂತಿ, ನಿದ್ದೆಗೆಟ್ಟ ಮುಖ. ಆ ಗದ್ದಲದ ನಡುವಿನಿಂದ, "ಒಳಕ್ಕೆ ಓಗಿ, ಒಳಕ್ಕೆ, ಬಾಗ್ಲಲ್ಲಿ ಏನ್ ಜಾತ್ರೆ?" ಎಂಬ ದನಿ ಬಂತು. ಖಾಕಿ ಅಂಗಿ, ಕೊರಳಲ್ಲಿ ವಿಷಲ್. ಲಕ್ಷ್ಮಿದೇವಿ ಗಂಗಾಂಬಿಕೆಯ ಆಧಾರ್ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟಳು. ಪರಿಚಯದ ಒಂದು ಮಾತೂ ಆಡಲಿಲ್ಲ. ಡ್ಯೂಟಿ.

ತೆರಕಣಾಂಬಿಯಲ್ಲಿ ಇಳಿದವರಿಗಿಂತ ಹತ್ತಿದವರೇ ಹೆಚ್ಚು. ಕೊನೆಯಲ್ಲಿ, ಕಂಕುಳಲ್ಲಿ ಬ್ಯಾಗು ಅವುಚಿಕೊಂಡು, ಒಗೆದ ಸೀರೆಯುಟ್ಟು ದೊಡ್ಡಮಲ್ಲಮ್ಮ ಹತ್ತಿದಳು.

"ಆಧಾರ್ ತೋರ್ಸತ್ತೆ."

"ಮನೇಲೈತೆ. ನಾ ಯಾರು ಅಂತ ಗೊತ್ತಿಲ್ವೇನಮ್ಮಿ ನಿಂಗೆ?"

"ಬಸ್ಸಲ್ಲಿ ಯಾರೂ ಅತ್ತೆ ಅಲ್ಲ. ಆಧಾರ್ ಇಲ್ಲಾಂದ್ರೆ ದುಡ್ಡು ಕೊಟ್ಟು ಟಿಕೆಟ್ ತಗಳಿ."

ಬಸ್ಸು ಗೊಳ್ಳೆಂದಿತು. ಮುಂದಿನಿಂದ ರಂಗರಾಜು, "ಬಿಡ್ಬ್ಯಾಡ ಅವಳ್ನ, ಕೇಳಜ್ಜಿ!" ಎಂದು ಉರಿ ಹಚ್ಚಿದ. ದೊಡ್ಡಮಲ್ಲಮ್ಮ ಗೊಣಗುತ್ತ ಬ್ಯಾಗಿನ ತಳಕ್ಕೆ ಕೈಹಾಕಿ, ಅಲ್ಲೇ ಇದ್ದ ಆಧಾರ್ ಕಾರ್ಡು ತೆಗೆದು ಸೊಸೆಯ ಮುಖಕ್ಕೆ ಹಿಡಿದಳು.

"ಎಲ್ಲಿಗೆ?"

ಮುದುಕಿಯ ಕಣ್ಣು ಜನರ ನಡುವೆ ನಿಂತಿದ್ದ ಗಂಗಾಂಬಿಕೆಯ ಮೇಲೆ ಬಿತ್ತು. ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಗುಂಡ್ಲುಪೇಟೆ ಆಸ್ಪತ್ರೆಗೆ. ಮಂಡಿ ನೋವು."

ಲಕ್ಷ್ಮಿದೇವಿ ಟಿಕೆಟ್ ಕೊಟ್ಟಳು. ಮುಂದೆ ಹಂಪಿತ್ತು, ಹಂಪಿನಾಚೆ ಕೈಯೆತ್ತಿ ಕಾಯುತ್ತಿದ್ದ ಇನ್ನಷ್ಟು ಜನ. ಅವಳು ವಿಷಲನ್ನು ತುಟಿಗಿಟ್ಟು ಒಂದು ಕ್ಷಣ ತಡೆದಳು. ಆ ತಡೆದದ್ದು ಯಾಕೆಂದು ಆ ಬಸ್ಸಿನಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಆಮೇಲೆ ಊದಿದಳು. ಚಕ್ರ ಹಂಪಿನ ಮೇಲೇರಿ ದಡಕ್ಕೆಂದು ಇಳಿಯಿತು. ಕಂಬಿಗೆ ಜೋತವರೆಲ್ಲ ಓಲಾಡಿದರು. ಲಕ್ಷ್ಮಿದೇವಿ ಮಂಡಿ ಸ್ವಲ್ಪ ಬಗ್ಗಿಸಿ ನೆಟ್ಟಗೆ ನಿಂತಿದ್ದಳು.

ಬಸ್ಸು ಹೊರಟ ಮೇಲೆ ತನ್ನ ಸೀಟಿನ ಪಕ್ಕ ಸಿಕ್ಕಿಸಿದ್ದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ತಲೆ ಎತ್ತಿ ಗಟಗಟನೆ ನೀರು ಕುಡಿದಳು.

"ನಂಗೂ ಒಸಿ ಕೊಡಮ್ಮಿ" ಎಂದಳು ದೊಡ್ಡಮಲ್ಲಮ್ಮ.